ಗಿಂತ ಅಂದ್ರೆ ದ್ಯಾನ್ ಅಲ್ವಾ ಸಾ?

ಎಳನೀರು ಕೊಚ್ಚುವವನಿಗೆ ಇಂಗ್ಲಿಷ್ ವ್ಯಾಕರಣದ ಹಂಗಿಲ್ಲ. ಮದ್ದೂರಿನ ಮಾರುಕಟ್ಟೆಯಿಂದ ಲಾರಿಗಟ್ಟಲೆ ಊರೂರಿಗೆ ಹೋಗುವ ಸರಕಿನಲ್ಲಿ ಒಂದಿಷ್ಟು ಇಲ್ಲೇ ರಸ್ತೆ ಬದಿಯಲ್ಲಿ ಉಳಿದುಕೊಳ್ಳುತ್ತದಲ್ಲ, ಅದನ್ನು ನಿಡಘಟ್ಟದ ಆಸುಪಾಸಿನಲ್ಲಿ ಮರದ ನೆರಳಿಗೆ ರಾಶಿ ಹಾಕಿಕೊಂಡು ಕೂತವನು ಕೇಳುವುದು ಎರಡೇ ಮಾತು: "ನೀರಿಂದಾ, ಗಂಜೀದಾ?" ನೀವು "ತೆಳು ಗಂಜಿ ಇರ್ಲಿ ಕಣಪ್ಪ" ಅಂದರೆ ಮುಗಿಯಿತು. ಒಂದನ್ನು ತಟ್ಟಿ ನೋಡುತ್ತಾನೆ, ಇನ್ನೊಂದನ್ನು ಪಕ್ಕಕ್ಕೆ ತಳ್ಳುತ್ತಾನೆ, ಮೂರನೆಯದಕ್ಕೆ ಮಚ್ಚು ಬೀಸುತ್ತಾನೆ. ಕರ್ತೃ ಇಲ್ಲ, ಕ್ರಿಯಾಪದ ಅರ್ಧಂಬರ್ಧ, ಆದರೂ ನಿಮ್ಮ ಮನಸ್ಸಿನಲ್ಲಿದ್ದ ಕಾಯಿ ನಿಮ್ಮ ಕೈಗೆ ಬಂದಿರುತ್ತದೆ.

ಅದೇ ರಾಶಿಯ ಮುಂದೆ ಬೆಂಗಳೂರಿನ ಕಾರೊಂದು ನಿಲ್ಲಲಿ. ಹಿಂದಿನ ಸೀಟಿನ ಮಗು ಕಿಟಕಿ ಇಳಿಸಿ, "ಡ್ಯಾಡಿ, ಐ ಪ್ರಿಫರ್ ಮೋರ್ ವಾಟರ್ ದ್ಯಾನ್ ಗಂಜಿ" ಅನ್ನುತ್ತದೆ. ಅಪ್ಪನ ಮೀಸೆಯ ತುದಿ ಒಂದು ಕ್ಷಣ ಮೇಲಕ್ಕೇರುತ್ತದೆ. ವರ್ಷಕ್ಕೆ ಲಕ್ಷದ ಮೇಲೆ ಫೀಸು ಕಟ್ಟಿದ್ದಕ್ಕೆ ಇಷ್ಟಾದರೂ ಆಯಿತಲ್ಲ! ಪಾಪ, ಆ ಒಂದೇ ವಾಕ್ಯದಲ್ಲಿ ಎರಡು ತಪ್ಪಿವೆ ಅಂತ ಅವನಿಗೆ ಯಾರು ಹೇಳಬೇಕು? ಪ್ರಿಫರ್ ಅನ್ನುವುದರೊಳಗೇ 'ಹೆಚ್ಚು' ಕೂತಿದೆ, ಅದರ ಹೆಗಲ ಮೇಲೆ ಮತ್ತೊಂದು ಮೋರ್ ಕೂರಿಸಬಾರದು. ದ್ಯಾನ್ ಅಂತೂ ಆ ಮನೆಯ ಹೊಸ್ತಿಲನ್ನೇ ತುಳಿಯುವ ಹಾಗಿಲ್ಲ. ಐ ಪ್ರಿಫರ್ ವಾಟರ್ ಟು ಗಂಜಿ. ಟು!

ಈ ಟು ಇದೆಯಲ್ಲ ಸ್ವಾಮಿ, ಇದು ಮದ್ದೂರು ಸೀಮೆಯ ಇಂಗ್ಲಿಷ್ ಮೇಷ್ಟರ ಪಾಲಿಗೆ ಹಲ್ಲುನೋವು. ಯಾವ ಕ್ಲಾಸಿಗೆ ಹೋದರೂ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಲ್ಲುತ್ತಾನೆ. "ಗಿಂತ ಅಂದ್ರೆ ದ್ಯಾನ್ ಅಲ್ವಾ ಸಾ?" "ಹೂಂ ಕಣೋ." "ಕಾಫಿಗಿಂತ ಟೀ ವಾಸಿ ಅನ್ನೋಕೆ ದ್ಯಾನ್ ಹಾಕ್ಬೇಕಲ್ವಾ ಸಾ?" "ಬೆಟರ್ ಅಂದ್ರೆ ದ್ಯಾನ್ ಹಾಕು. ಪ್ರಿಫರ್ ಅಂದ್ರೆ ಟು ಹಾಕು." "ಯಾಕೆ ಸಾ?" "ಅದು ಹಂಗೇ. ಕೂತ್ಕೊ." ಕರ್ನಾಟಕದಲ್ಲಿ ಕಲಿಸಿರುವ ಇಂಗ್ಲಿಷ್ ವ್ಯಾಕರಣವನ್ನೆಲ್ಲ ಭಟ್ಟಿ ಇಳಿಸಿದರೆ ಕೊನೆಗೆ ಉಳಿಯುವ ಸೂತ್ರ ಇದೊಂದೇ: ಅದು ಹಂಗೇ.

ಹುಡುಗ ಕೇಳಿದ್ದರಲ್ಲಿ ತಪ್ಪೇನಿದೆ ಹೇಳಿ. ಪ್ರಿಫರ್ ಲ್ಯಾಟಿನ್ನಿನಿಂದ ಬಂದ ಪದ. ಅಲ್ಲಿ ಅದರ ಅರ್ಥ ಒಂದನ್ನು ಇನ್ನೊಂದರ ಮುಂದಕ್ಕೆ ತಂದಿಡುವುದು. ಕಾಫಿ ಲೋಟಕ್ಕೆ ಮುಂದಾಗಿ ಟೀ ಲೋಟ ಇಟ್ಟಿರಿ ಅಂದುಕೊಳ್ಳಿ, ಅಷ್ಟೇ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್, ಪ್ರಯರ್, ಇವೆಲ್ಲ ಅದೇ ಲ್ಯಾಟಿನ್ ಕೇರಿಯವು, ಎಲ್ಲಕ್ಕೂ ಟು ಬೇಕು. ತಮಾಷೆ ನೋಡಿ, ಇದನ್ನು ನಮ್ಮ ಕೆಎಸ್‌ಆರ್‌ಟಿಸಿ ಕಂಡಕ್ಟರು ಯಾರ ಹತ್ತಿರವೂ ಕಲಿಯದೆ ಸರಿಯಾಗಿ ಹೇಳುತ್ತಾನೆ: "ಅವ್ನು ನಂಗೆ ಎರಡು ವರ್ಸ ಸೀನಿಯರ್ರು." ನಂಗೆ! ಅದೇ ಟು. ಮೇಷ್ಟ್ರು ಹುಡುಗನನ್ನು ಕೂರಿಸುವ ಬದಲು ಒಂದು ದಿನ ಮದ್ದೂರು ಡಿಪೋಗೆ ಕಳಿಸಿದ್ದರೆ ಸಾಕಿತ್ತು.

ನಮ್ಮ ಹಳ್ಳಿಗಳಲ್ಲಿ ವ್ಯಾಕರಣ ಅಂದರೆ ರೆನ್ ಅಂಡ್ ಮಾರ್ಟಿನ್. 1935ರ ಪುಸ್ತಕ. ಅಜ್ಜ ಓದಿ, ಅಪ್ಪ ಓದಿ, ರಟ್ಟು ಕಿತ್ತುಹೋಗಿ, ಕ್ಯಾಲೆಂಡರಿನ ಹಾಳೆಯ ಅಂಗಿ ತೊಟ್ಟು ಮೊಮ್ಮಗನ ಕೈಗೆ ಬಂದಿರುತ್ತದೆ. ರೆನ್ ಅಂದರೆ ಯಾರೋ ಕನ್ನಡಕದ, ಬೆತ್ತ ಹಿಡಿದ ಮುದುಕ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆ ಮನುಷ್ಯ ಬೊಂಬಾಯಿ ಕಡೆ ಶಿಕ್ಷಣ ಇಲಾಖೆಯಲ್ಲಿದ್ದದ್ದು ನಿಜ. ಆದರೆ ಹೊರಗಿನ ಲೋಕಕ್ಕೆ ಅವನು ಗೊತ್ತಿರುವುದು 1924ರ 'ಬೋ ಜೆಸ್ಟ್' ಎಂಬ ಮರಳುಗಾಡಿನ ಸಾಹಸದ ಕಾದಂಬರಿಯಿಂದ. ಮೂವರು ಅಣ್ಣತಮ್ಮಂದಿರು, ಮನೆಯಲ್ಲಿ ಒಂದು ನೀಲಮಣಿ ಕಳುವಾಗುತ್ತದೆ, ಉಳಿದವರ ಮೇಲೆ ಅಪವಾದ ಬರುವುದಕ್ಕಿಂತ ತಾನೇ ಕಳ್ಳನೆನಿಸಿಕೊಳ್ಳುವುದು ಮೇಲೆಂದು ಒಬ್ಬೊಬ್ಬನೂ ಓಡಿಹೋಗಿ ಫ್ರೆಂಚರ ವಿದೇಶಿ ಪಡೆ ಸೇರುತ್ತಾನೆ. ಅಂದರೆ ಇಡೀ ಕಾದಂಬರಿಯೇ ಒಂದು ವುಡ್ ರ್ಯಾದರ್! ಇಷ್ಟು ಸೊಗಸಾದ ಉದಾಹರಣೆ ಕೈಯಲ್ಲಿದ್ದೂ ನಮ್ಮ ತಲೆಗೆ ಚಹಾ ಕಾಫಿಯನ್ನೇ ಸುರಿದರಲ್ಲ ಅನ್ನುವುದು ನನ್ನ ತಕರಾರು.

ಈ ವುಡ್ ರ್ಯಾದರ್ ಇನ್ನೊಂದು ಕಿಲಾಡಿ. ಪ್ರಿಫರ್ ದ್ಯಾನ್ ಅನ್ನು ಬಾಗಿಲಲ್ಲೇ ತಡೆಯುತ್ತದಲ್ಲ, ಇದು ಕರೆದು ಮಣೆ ಹಾಕುತ್ತದೆ. ಐ ವುಡ್ ರ್ಯಾದರ್ ವಾಕ್ ದ್ಯಾನ್ ವೇಟ್ ಫಾರ್ ದ ಬಸ್. ನಡುವೆ ಎಲ್ಲೂ ಟು ಬರಕೂಡದು. ಪ್ರಿಫರ್ ಮುಂದೆ ಎರಡು ಕೆಲಸಗಳನ್ನು ಹೆಸರು ಮಾಡಿ ಇಟ್ಟರೆ, ಐ ಪ್ರಿಫರ್ ವಾಕಿಂಗ್ ಟು ವೇಟಿಂಗ್. ಅದೇ ಪ್ರಿಫರ್ ಜೊತೆಗೆ ಟು ವಾಕ್ ಅಂದುಬಿಟ್ಟಿರೋ, ಇನ್ನೊಂದು ಟು ಅಲ್ಲಿ ಹಿಡಿಸುವುದಿಲ್ಲ. ಐ ಪ್ರಿಫರ್ ಟು ವಾಕ್ ರ್ಯಾದರ್ ದ್ಯಾನ್ ವೇಟ್. ನೋಡಿದಿರಾ, ತಳ್ಳಿದ್ದ ದ್ಯಾನ್ ಹಿತ್ತಿಲ ಬಾಗಿಲಿಂದ ರ್ಯಾದರನ ಕೈ ಹಿಡಿದುಕೊಂಡು ಒಳಗೆ ಬಂತು. ಇಷ್ಟೆಲ್ಲ ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಮದ್ದೂರಿನ ಬಸ್ಸು ಬಂದು, ನಿಂತು, ಹೊರಟೂ ಹೋಗಿರುತ್ತದೆ. ಆಮೇಲೆ ಪ್ರಿಫರ್ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ, ನಡೆಯಬೇಕು.

ಇನ್ನೊಂದಿದೆ. ಸಾಲ ಕೇಳಲು ಬಂದವನಿಗೆ ನಾಳೆ ಬಾ ಅನ್ನುವುದನ್ನೇ ನಯವಾಗಿ ಇಂಗ್ಲಿಷಿನಲ್ಲಿ ಹೇಳಬೇಕಾದರೆ, ಐ ವುಡ್ ರ್ಯಾದರ್ ಯು ಕೇಮ್ ಟುಮಾರೊ. ನಾಳೆಗೆ ಕೇಮ್! ಹಿಂದಿನ ಬೆಂಚಿನವನು ಬಿಡುತ್ತಾನೆಯೇ? "ನಾಳೆ ಬಂದ ಅಂತಾನಾ ಸಾ? ನಾಳೆ ಇನ್ನೂ ಆಗೇ ಇಲ್ವಲ್ಲ ಸಾ." ಮೇಷ್ಟ್ರು ಮತ್ತೆ "ಅದು ಹಂಗೇ". ಅಯ್ಯಾ, ಹಂಗೇ ಅಲ್ಲ ಅದು, ನಮ್ಮದೂ ಹಿಂಗೇ! "ನಾಳೆ ಬಂದರೆ ಒಳ್ಳೇದಿತ್ತು" ಅನ್ನುವುದಿಲ್ಲವೇ ನಾವು? ಆ 'ಬಂದರೆ'ಯ ಹೊಟ್ಟೆಯಲ್ಲಿ 'ಬಂದ' ಇಲ್ಲವೇ? ತಿಂದರೆ, ಹೋದರೆ, ಕೊಟ್ಟರೆ, ಎಲ್ಲವೂ ನಿನ್ನೆಯ ಮಾತನ್ನೇ ನಾಳೆಗೆ ಹೊದಿಸಿದ್ದು. ಸಾಲ ಕೊಟ್ಟವನು ಮಂಡ್ಯ ಜಿಲ್ಲೆಯಲ್ಲಿ ತಲೆತಲಾಂತರದಿಂದ ಕೇಳುತ್ತ ಬಂದಿರುವ "ಕಬ್ಬಿನ ದುಡ್ಡು ಬಂದರೆ ಕೊಡ್ತೀನಿ" ಎಂಬ ವಾಕ್ಯದಲ್ಲೂ ದುಡ್ಡು ವ್ಯಾಕರಣದ ಪ್ರಕಾರ ಆಗಲೇ ಬಂದಿದೆ. ಜೇಬಿಗೆ ಬಂದಿಲ್ಲ ಅನ್ನುವುದು ಬೇರೆ ಮಾತು.

ಇದರ ಪಕ್ಕದಲ್ಲೇ ಹ್ಯಾಡ್ ಬೆಟರ್ ಎಂಬುದೊಂದಿದೆ. ಬೆಟರ್ ಕಂಡು ಇದೂ ಇಷ್ಟಾನಿಷ್ಟದ ಮಾತು ಅಂದುಕೊಂಡು ಸಾಹೇಬರ ಮುಂದೆ ಬಳಸಿಬಿಟ್ಟೀರಿ, ಜೋಕೆ. ಯು ಹ್ಯಾಡ್ ಬೆಟರ್ ಸೈನ್ ದಿಸ್ ಅಂದರೆ ಇಲ್ಲಿಗೆ ಸಹಿ ಹಾಕಿದರೆ ಚೆಂದ ಅಂತಲ್ಲ. "ಹಾಕಿದ್ಯೋ ಸರಿ, ಇಲ್ದಿದ್ರೆ ನೋಡು" ಅಂತ. ತಾಲ್ಲೂಕು ಕಚೇರಿಯಲ್ಲಿ ಇದನ್ನು ಹೇಳಿದವರ ಖಾತೆ ಇನ್ನೂ ಬದಲಾಗಿಲ್ಲವಂತೆ.

ಹೋಗಲಿ, ಟು ದ್ಯಾನ್‌ಗಳನ್ನು ಹೇಗೋ ಬಾಯಿಪಾಠ ಮಾಡಬಹುದು. ಈಗಿನವರು ಪ್ರಿಫರ್ ಟೀ ಓವರ್ ಕಾಫಿ ಎಂದು ಓವರ್ ಹಾಕಿ ಆ ಗೊಡವೆಯಿಂದಲೇ ಪಾರಾಗಿದ್ದಾರೆ, ಅದನ್ನು ತಪ್ಪೆನ್ನುವವರೂ ಕಡಿಮೆಯಾಗಿದ್ದಾರೆ. ನನಗೆ ಕಾಣುವ ತೊಂದರೆ ಬೇರೆಡೆ ಇದೆ. ವ್ಯಾಕರಣದ ಪುಸ್ತಕಗಳು ನಮ್ಮ ಬಾಯಲ್ಲಿ ಆಡಿಸಿದ ಇಷ್ಟಗಳಾದರೂ ಯಾರವು? ಐ ಪ್ರಿಫರ್ ಟೆನ್ನಿಸ್ ಟು ಗಾಲ್ಫ್. ಯಾರು ಆಡಿದ್ದರು ಇಲ್ಲಿ ಗಾಲ್ಫು? ಐ ವುಡ್ ರ್ಯಾದರ್ ಹ್ಯಾವ್ ಸೂಪ್. ಸೂಪಂತೆ! ಬಸ್ಸಾರು ಬೇಕೋ ಉಪ್ಪುಸಾರು ಬೇಕೋ ಅಂತ ಪುಸ್ತಕ ಒಂದು ಸಲವಾದರೂ ಕೇಳಿದ್ದರೆ ಇಡೀ ಕ್ಲಾಸು ಒಕ್ಕೊರಲಿಂದ ಇಂಗ್ಲಿಷ್ ಮಾತಾಡುತ್ತಿತ್ತು. ಮುದ್ದೆಯೋ ಅನ್ನವೋ ಅಂದಿದ್ದರೆ ಹಿಂದಿನ ಬೆಂಚಿನವನು ಟು ಹಾಕಿ, ದ್ಯಾನ್ ಹಾಕಿ, ಓವರ್ ಹಾಕಿ, ಕೊನೆಗೆ ಮುಷ್ಟಿ ಕಟ್ಟಿ ತೋರಿಸಿಯಾದರೂ ಮುದ್ದೆಯ ಪರ ವಾದಿಸುತ್ತಿದ್ದ.

ನಿಡಘಟ್ಟದಿಂದ ಮದ್ದೂರಿನ ದಾರಿಯಲ್ಲಿ ಸೋಮನಹಳ್ಳಿ. ಅಲ್ಲಿಯ ಎಸ್.ಎಂ. ಕೃಷ್ಣ ಫುಲ್‌ಬ್ರೈಟ್ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋಗಿ ಓದಿ ಬಂದವರು, ಇಂಗ್ಲಿಷಿಗೆ ಇಸ್ತ್ರಿ ಹಾಕಿ ಮಾತಾಡುತ್ತಿದ್ದವರು. ವಿದೇಶಾಂಗ ಮಂತ್ರಿಯಾಗಿದ್ದಾಗ, 2011ರ ಫೆಬ್ರವರಿಯಲ್ಲಿ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಪೋರ್ಚುಗಲ್ ಮಂತ್ರಿಯ ಭಾಷಣದ ಹಾಳೆ ಕೈಗೆ ಸಿಕ್ಕಿ ಕೆಲವು ನಿಮಿಷ ಅದನ್ನೇ ಓದಿದರು. ದೇಶವೆಲ್ಲ ನಕ್ಕಿತು. ನಾನು ಅವರ ಪರ. ಪ್ರೈಮರಿಯಿಂದ ಡಿಗ್ರಿವರೆಗೆ ನಾವೆಲ್ಲ ಮಾಡಿದ್ದು ಅದನ್ನೇ ಅಲ್ಲವೇ? ಯಾರದೋ ಸೂಪು, ಯಾರದೋ ಗಾಲ್ಫು, ಯಾರದೋ ಹಾಳೆ. ಅವರನ್ನು ಕೆಲವೇ ನಿಮಿಷಕ್ಕೆ ಪಕ್ಕದವರು ಎಚ್ಚರಿಸಿದರು, ನಮ್ಮನ್ನು ಎಚ್ಚರಿಸಲು ಯಾರೂ ಇರಲಿಲ್ಲ.

ಇನ್ನು ನಮ್ಮ ಸ್ವಂತ ಇಷ್ಟವನ್ನು ಬಾಯಿಬಿಟ್ಟು ಹೇಳುವ ವಿಚಾರ. ಅದು ನಮ್ಮ ಸೀಮೆಯಲ್ಲಿ ಅಸಭ್ಯತೆ. ಬೀಗರ ಮನೆಗೆ ಹೋಗುತ್ತೀರಿ. "ಕಾಪೀನೋ ಟೀನೋ?" ಅಂತಾರೆ. ನಿಮಗೆ ಬೆಳಗಿನಿಂದ ಕಾಫಿ ಇಲ್ಲದೆ ತಲೆ ಸಿಡಿಯುತ್ತಿದೆ. ಆದರೂ ನೀವು ಅನ್ನುವುದೇನು? "ಏನೂ ಬ್ಯಾಡಿ, ಈಗ್ತಾನೆ ಆಯ್ತು." ಎರಡನೇ ಸಲ ಕೇಳಿದರೆ, "ಯಾವ್ದಾದ್ರೂ ಆದೀತು." ಮೂರನೇ ಸಲ, "ನಿಮ್ಗೇನು ಮಾಡ್ಕತೀರೋ ಅದೇ ಒಂದ್ಲೋಟ." ಒಳಗಿನಿಂದ ಟೀ ಬರುತ್ತದೆ. ಕುಡಿದು "ಚೆನ್ನಾಗದೆ" ಅಂದು ಬರುತ್ತೀರಿ. ದಾರಿಯುದ್ದಕ್ಕೂ ಹೆಂಡತಿಯ ಹತ್ತಿರ ಆ ಟೀಯ ಬಣ್ಣ, ರುಚಿ, ಅದಕ್ಕೆ ಬಿದ್ದ ಹಾಲಿನ ಪ್ರಮಾಣ, ಆ ಮನೆತನದ ಜಿಪುಣತನ ಎಲ್ಲದರ ವಿಮರ್ಶೆ. ಇದನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿ ನೋಡೋಣ ಯಾವ ಮಾರ್ಟಿನ್ನಾದರೂ.

ಇಂಗ್ಲಿಷ್ ಬಲ್ಲ ಬೀಗರಾದರೆ ಇನ್ನೂ ಅಪಾಯ. "ಡು ಯು ಲೈಕ್ ಕಾಫಿ?" ಅಂತಾರೆ. ನೀವು ನಾಚಿಕೆ ಬಿಟ್ಟು "ಯೆಸ್" ಅಂದಿರಿ. "ಓ, ನೈಸ್" ಅಂದು ಮಳೆ ಬೆಳೆ ವಿಚಾರಕ್ಕೆ ಹೋದರು! ಡು ಯು ಲೈಕ್ ಅಂದರೆ ನಿಮ್ಮ ಸ್ವಭಾವದ ವಿಚಾರಣೆ, ವುಡ್ ಯು ಲೈಕ್ ಅಂದರೆ ಮಾತ್ರ ಲೋಟ ಬರುತ್ತದೆ. ಐ ಪ್ರಿಫರ್ ಅಂದರೆ ಸದಾ ಕಾಲದ ಇಷ್ಟ, ಐ ವುಡ್ ಪ್ರಿಫರ್ ಅಂದರೆ ಈ ಹೊತ್ತಿನದು. ವುಡ್ ಎಂಬ ಈ ಮುಸುಕನ್ನು ಹಾಕಿಕೊಂಡು ಇಂಗ್ಲಿಷಿನವರೂ ಕೇಳುವುದು ನಮ್ಮ ಬೀಗರ ಹಾಗೆಯೇ, ಸುತ್ತಿ ಬಳಸಿ. ಸುತ್ತು ಸ್ವಲ್ಪ ಚಿಕ್ಕದು, ಅಷ್ಟೇ. ಅಮೆರಿಕದ ಮೆಲ್ವಿಲ್ 1853ರಲ್ಲಿ ಬರೆದ ಕಥೆಯಲ್ಲಿ ಬಾರ್ಟಲ್‌ಬಿ ಅಂತ ಒಬ್ಬ ಗುಮಾಸ್ತ ಬರುತ್ತಾನೆ. ಯಜಮಾನ ಏನು ಕೆಲಸ ಹೇಳಿದರೂ ಒಲ್ಲೆ ಅನ್ನುವುದಿಲ್ಲ, ಇದೇ ವುಡ್ ಪ್ರಿಫರ್ ಅನ್ನು ಅಡ್ಡ ಹಿಡಿದು, ವಿನಯದಿಂದಲೇ ಒಂದೊಂದಾಗಿ ಎಲ್ಲ ಕೆಲಸ ಬಿಡುತ್ತಾನೆ. ನಮ್ಮ ಕಚೇರಿಗಳಲ್ಲಿ ಆ ಕಥೆಯನ್ನು ಓದದೆಯೇ ಪಾಲಿಸುವವರಿದ್ದಾರೆ. "ನಾಳೆ ನೋಡಣ ಬನ್ನಿ" ಅದರ ಮಂಡ್ಯದ ಆವೃತ್ತಿ.

ಹೆದ್ದಾರಿಗೆ ಬರೋಣ. ಬೆಂಗಳೂರು ಮೈಸೂರು ದಶಪಥ ರಸ್ತೆಯನ್ನು ಎರಡು ತುಂಡು ಮಾಡಿ ಗುತ್ತಿಗೆ ಕೊಟ್ಟಾಗ ತುಂಡು ಬಿದ್ದದ್ದು ನಿಡಘಟ್ಟದಲ್ಲೇ. ಬೆಂಗಳೂರಿನಿಂದ ನಿಡಘಟ್ಟಕ್ಕೆ 56 ಕಿಲೋಮೀಟರ್ ಒಂದು, ನಿಡಘಟ್ಟದಿಂದ ಮೈಸೂರಿಗೆ 61 ಕಿಲೋಮೀಟರ್ ಇನ್ನೊಂದು. ಊರಿನ ಹೆಸರು ದಿಲ್ಲಿಯ ಕಡತಗಳಲ್ಲೆಲ್ಲ ಇಂಗ್ಲಿಷಿನಲ್ಲಿ ಓಡಾಡಿತು. 2023ರ ಮಾರ್ಚ್ 12ರಂದು ಪ್ರಧಾನಿ ಬಂದು ಉದ್ಘಾಟಿಸಿದರು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಕಾರಿನವನು ಐ ಪ್ರಿಫರ್ ದ ಎಕ್ಸ್‌ಪ್ರೆಸ್‌ವೇ ಟು ದ ಸರ್ವಿಸ್ ರೋಡ್ ಅನ್ನಬಹುದು, ಟೋಲಿಗೆ ದುಡ್ಡಿದ್ದರೆ. ಹಾಲಿನ ಕ್ಯಾನು ಕಟ್ಟಿಕೊಂಡ ಟಿವಿಎಸ್ ಎಕ್ಸೆಲ್‌ನವನು ಅದೇ ವಾಕ್ಯವನ್ನು ತಪ್ಪಿಲ್ಲದೆ ಹೇಳಿದರೂ ಬೇಲಿ ತೆರೆಯುವುದಿಲ್ಲ. ಬೈಪಾಸುಗಳು ಬಂದ ಮೇಲೆ ಹಳೇ ರಸ್ತೆಯ ಹೋಟೆಲಿನವರ ಮುಂದೆ ವಡೆ ಇದೆ, ಚಟ್ನಿ ಇದೆ, ಈರುಳ್ಳಿಯ ಘಮ ಇದೆ. ಗಿರಾಕಿ ಬೈಪಾಸನ್ನು ಪ್ರಿಫರ್ ಮಾಡಿ ಮುಂದೆ ಹೋಗಿದ್ದಾನೆ. ಅವನು ಟು ಹಾಕಿದನೋ ದ್ಯಾನ್ ಹಾಕಿದನೋ ಎಂದು ವಡೆ ಬೇಯಿಸುವವನು ಕೇಳುವುದಿಲ್ಲ.

ಶಾಲೆಯದೂ ಇದೇ ಕಥೆ. 1994ರಲ್ಲಿ ಸರ್ಕಾರ ನಾಲ್ಕನೇ ತರಗತಿವರೆಗೆ ಮಾತೃಭಾಷೆಯಲ್ಲೇ ಕಲಿಸಬೇಕು ಅಂತ ಆದೇಶ ಮಾಡಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. ಕೊನೆಗೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಯಾವ ಭಾಷೆಯಲ್ಲಿ ಓದಬೇಕೆಂಬ ಆಯ್ಕೆ ಮಗುವಿನದು, ಮಗುವಿನ ಪರವಾಗಿ ಹೆತ್ತವರದು, ಸರ್ಕಾರ ಹೇರುವಂತಿಲ್ಲ ಅಂದಿತು. ಈಗ ಬೆಳಗಾಗೆದ್ದರೆ ಹಳದಿ ವ್ಯಾನು. ಮೂರೂವರೆ ವರ್ಷದ ಮಗು ವ್ಯಾನಿನ ಬಾಗಿಲಲ್ಲಿ ಕಾಲು ಕೊಟ್ಟು, ಕಂಬಿ ಹಿಡಿದು, ಮೂಗು ಸುರಿಸಿ, ತನ್ನ ಪ್ರಿಫರೆನ್ಸನ್ನು ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿರುತ್ತದೆ. ಅದರ ಪರವಾಗಿ ಆಯ್ಕೆ ಮಾಡುವ ಅವ್ವ ಅದನ್ನು ಎತ್ತಿ ಒಳಕ್ಕೆ ಹಾಕಿ ಬಾಗಿಲು ಜಡಿಯುತ್ತಾಳೆ.

ಆ ಮಗುವೇ ಪಿಯುಸಿ ಮುಗಿಸಿದಾಗ ಪರೀಕ್ಷಾ ಪ್ರಾಧಿಕಾರದವರ ಆಪ್ಷನ್ ಎಂಟ್ರಿ. ಪ್ರಿಫರೆನ್ಸ್ ವ್ಯಾಕರಣಕ್ಕೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ನಾನು ಕಂಡಿಲ್ಲ. ಸೀಟು ಬಂದ ಮೇಲೆ ನಾಲ್ಕು ಚಾಯ್ಸು. ಒಂದು: ತೃಪ್ತಿಯಾಯಿತು, ಸೇರುತ್ತೇನೆ. ಎರಡು: ಇದೂ ಇರಲಿ, ಇದಕ್ಕಿಂತ ಮೇಲಿನದು ಸಿಕ್ಕರೆ ಅದು. ಮೂರು: ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕು: ನಿಮ್ಮ ಸಹವಾಸವೇ ಬೇಡ. ಸೂಕ್ಷ್ಮವಾಗಿ ನೋಡಿದರೆ ಮದ್ದೂರು ಸೀಮೆಯಲ್ಲಿ ಹೆಣ್ಣು ಗಂಡು ನೋಡುವ ಶಾಸ್ತ್ರಕ್ಕೂ ಇಷ್ಟೇ ಚಾಯ್ಸು. "ಜಾತ್ಕ ನೋಡಿ ಹೇಳಿ ಕಳಿಸ್ತೀವಿ" ಅಂದರೆ ಚಾಯ್ಸ್ ಎರಡು ಅಂತ ತಿಳಿಯಿರಿ. ಬೆಂಗಳೂರಿನ ಕಂಪನಿ ಹುಡುಗನ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ ಅಂತ ಅರ್ಥ.

ನಗಬೇಡಿ. 2023ರ ಫೆಬ್ರವರಿಯಲ್ಲಿ ಇದೇ ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಗಂಡುಮಕ್ಕಳು ಪಾದಯಾತ್ರೆ ಹೊರಟರು, ಹೆಣ್ಣು ಸಿಗಲಿ ಮಾದಪ್ಪಾ ಅಂತ. ಮೂವತ್ತು ದಾಟಿದವರು, ಹೆಚ್ಚಿನವರು ಹೊಲ ಗದ್ದೆ ಇದ್ದವರು. ಪೇಪರಿನವರಿಗೆ ತಮಾಷೆಯ ಸುದ್ದಿ ಸಿಕ್ಕಿತು. ಹೆಣ್ಣಿನ ಕಡೆಯ ಉತ್ತರ ಇಷ್ಟೇ: ಶೀ ವುಡ್ ರ್ಯಾದರ್ ಮ್ಯಾರಿ ಎ ಕ್ಲರ್ಕ್ ದ್ಯಾನ್ ಎ ಫಾರ್ಮರ್. ಈ ವಾಕ್ಯವನ್ನು ಯಾವ ಮೇಷ್ಟರ ಮುಂದೆ ಹಿಡಿದರೂ ಕೆಂಪು ಗೆರೆ ಬೀಳುವುದಿಲ್ಲ, ಟು ಇಲ್ಲ, ದ್ಯಾನ್ ಇರಬೇಕಾದ ಕಡೆಯೇ ಇದೆ, ಪೂರ್ತಿ ಅಂಕ. ಆ ಹೆಣ್ಣುಮಗಳನ್ನೂ ನಾನು ದೂರುವುದಿಲ್ಲ. ನಾಲ್ಕು ಗಂಟೆಗೆ ಎದ್ದು ಹಾಲು ಕರೆದು, ಸಗಣಿ ಬಾಚಿ, ರೇಟಿಲ್ಲದ ಟೊಮೇಟೊ ಕಿತ್ತು ಸವೆದ ತಾಯಿಯನ್ನು ನೋಡಿ ಬೆಳೆದವಳು ಅವಳು. ಮಗಳ ಕಿವಿಯಲ್ಲಿ ಬೆಂಗಳೂರು ಅಂತ ಮೊದಲು ಊದಿದವಳೂ ಆ ತಾಯಿಯೇ. ಬಾಯಿಬಿಟ್ಟು ಇಷ್ಟ ಹೇಳುವುದು ಅಸಭ್ಯ ಅನ್ನುವ ಸೀಮೆಯಲ್ಲಿ ಒಂದು ಪೀಳಿಗೆಯ ಹೆಣ್ಣುಮಕ್ಕಳು ಅದನ್ನು ನೇರವಾಗಿ ಹೇಳಲು ಕಲಿತರು ನೋಡಿ, ಗಂಡಸರಿಗೆ ಬೆಟ್ಟ ಹತ್ತುವ ಹಾಗಾಯಿತು.

ನಮ್ಮ ಜಿಲ್ಲೆಯಲ್ಲಿ ಇಂಗ್ಲಿಷ್ ಮೇಷ್ಟರ ಇಷ್ಟದ್ದೇ ಬೇರೊಂದು ಪರಂಪರೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕಲಿಸಿದ್ದು ಇಂಗ್ಲಿಷು, ಹೊರಗೆ ಊರೂರು ಸುತ್ತಿ ವಾದಿಸಿದ್ದು ಕನ್ನಡಕ್ಕಾಗಿ. 'ಇಂಗ್ಲಿಷ್ ಗೀತಗಳು' ಎಂದು ಹೆಸರಿಟ್ಟು ಕನ್ನಡದ ಪುಸ್ತಕ ತಂದವರು. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರೂ ಇಂಗ್ಲಿಷ್ ಪ್ರೊಫೆಸರರೇ. ಮನೆಗೆ ಬಂದು ಬರೆದದ್ದು 'ಹಗಲುಗನಸುಗಳು'. ಇವರಿಗೆ ಪ್ರಿಫರ್ ಆದ ಮೇಲೆ ಏನು ಬರುತ್ತದೆಂದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಇರಬೇಕು, ತಮ್ಮ ಇಷ್ಟವನ್ನು ಆ ಭಾಷೆಯಲ್ಲಿ ಹೇಳುವ ಗೋಜಿಗೆ ಅಷ್ಟಾಗಿ ಹೋಗಲಿಲ್ಲ.

ಕಡೆಯದಾಗಿ ಮೇಷ್ಟರದೇ ಒಂದು ಪರೀಕ್ಷೆ. ವಿಧಾನ ಪರಿಷತ್ತಿನ ದಕ್ಷಿಣ ಶಿಕ್ಷಕರ ಕ್ಷೇತ್ರಕ್ಕೆ ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ ಜಿಲ್ಲೆಗಳ ಹೈಸ್ಕೂಲು, ಕಾಲೇಜು ಮೇಷ್ಟರು ಮತ ಹಾಕುತ್ತಾರೆ. 2024ರ ಜೂನಿನಲ್ಲೂ ಹಾಕಿದರು. ಇಲ್ಲಿ ಮತ ಅಂದರೆ ಪ್ರಾಶಸ್ತ್ಯ, ಅಪ್ಪಟ ಪ್ರಿಫರೆನ್ಸು. ಟು ಬೇಡ, ದ್ಯಾನ್ ಬೇಡ, ವುಡ್ ಬೇಡ. ಕೊಟ್ಟ ನೇರಳೆ ಪೆನ್ನಿನಲ್ಲಿ ಮೊದಲ ಇಷ್ಟದವರ ಮುಂದೆ 1, ಬೇಕಿದ್ದರೆ ಎರಡನೆಯವರ ಮುಂದೆ 2. ಅಂಕಿಯಲ್ಲಿ ಮಾತ್ರ. ಮುದ್ದಾದ ಅಕ್ಷರದಲ್ಲಿ 'ಒಂದು' ಅಂತ ಬರೆದರೆ ಅಸಿಂಧು, ಅಭ್ಯಾಸಬಲದಿಂದ ರೈಟು ಗುರುತು ಹಾಕಿದರೆ ಅಸಿಂಧು, ಕೆಳಗೆ ಸಹಿ ಜಡಿದರೂ ಅಸಿಂಧು. ಇಬ್ಬರ ಮುಂದೆಯೂ 1 ಹಾಕಿದರೆ ಅದೂ ಹೋಯಿತು.

ಮೂವತ್ತು ವರ್ಷ ಪ್ರಿಫರ್ ಮುಂದೆ ದ್ಯಾನ್ ಕಂಡಲ್ಲೆಲ್ಲ ಅರ್ಧ ಅಂಕ ಕತ್ತರಿಸಿದ ಮೇಷ್ಟರೊಬ್ಬರನ್ನು ಟೀ ಅಂಗಡಿಯಲ್ಲಿ ಕೆಣಕಿದೆ: "ಯಾರಿಗೆ ಹಾಕಿದ್ರಿ ಸಾ, ಮೊದಲನೇದು?"

ಮೇಷ್ಟ್ರು ಆಚೀಚೆ ನೋಡಿ ದನಿ ತಗ್ಗಿಸಿದರು. "ಇಬ್ಬರೂ ಮನೆಗೆ ಬಂದು ಕೈ ಮುಗಿದ್ರು ಕಣಯ್ಯ. ಒಬ್ಬನ್ಗೆ ಒಂದು, ಇನ್ನೊಬ್ಬನ್ಗೆ ಎರಡು ಅಂದ್ರೆ ಚೆನ್ನಾಗಿರ್ತದಾ?"